ಏರಿಯ ಹಸಿ ಮಣ್ಣು

"ಬುದ್ಧಿ, ಇದನ್ನು ಮಠದ ಭಕ್ತರಿಗೆಲ್ಲ ಕಳಿಸಿಬಿಡಲೇ?" ಎಂದು ಮರುಳಸಿದ್ಧ ಕೇಳಿದ.

ಮಠದ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವ ಶಿಷ್ಯ ಅವನೇ. ಕರುಳಿದ್ದ ಹುಡುಗ, ಆದರೆ ಅದರಲ್ಲಿ ಬಂದದ್ದೆಲ್ಲ ಅವನಿಗೆ ವೇದವಾಕ್ಯ. ಅಂದು ಬೆಳಿಗ್ಗೆ ಬಂದ ಇಮೇಲೊಂದನ್ನು ಪ್ರಿಂಟ್ ತೆಗೆದುಕೊಂಡು ಸ್ವಾಮಿಗಳ ಮುಂದೆ ನಿಂತಿದ್ದ. ಐದು ವರ್ಷದ ಮಗುವೊಂದು ಆಸ್ಪತ್ರೆಯಲ್ಲಿದೆ, ಅಪರೂಪದ ಗುಂಪಿನ ರಕ್ತ ಬೇಕು, ಓದಿದವರು ಇಂದೇ ಹನ್ನೊಂದು ಜನರಿಗೆ ಕಳಿಸಬೇಕು, ಕಲ್ಲು ಮನಸ್ಸಿನವರು ಮಾತ್ರ ಸುಮ್ಮನಿರುತ್ತಾರೆ ಎಂದು ಅದರಲ್ಲಿತ್ತು. ಕೊನೆಯಲ್ಲಿ ಒಂದು ಫೋನ್ ನಂಬರೂ ಇತ್ತು. ಓದುವಾಗ ಅವನ ಕಣ್ಣು ತುಂಬಿತ್ತು.

ಯಾವ ಊರಿನ ಆಸ್ಪತ್ರೆ ಎಂದು ಸ್ವಾಮಿಗಳು ಕೇಳಿದರು. ಊರಿನ ಹೆಸರು ಇರಲಿಲ್ಲ. ತಾರೀಖು ಕೇಳಿದರು. ಅದೂ ಇರಲಿಲ್ಲ. ಆದರೆ ಕಳಿಸಿದವರು ನಿವೃತ್ತ ಹೆಡ್‌ಮಾಸ್ತರರು, ಹುಟ್ಟಿದಾಗಿನಿಂದ ಸುಳ್ಳು ಆಡಿದವರಲ್ಲ ಎಂದು ಮರುಳಸಿದ್ಧ ಪಟ್ಟು ಬಿಡದೆ ಹೇಳಿದ. "ಸುಳ್ಳಾದರೆ ನಷ್ಟವೇನು ಬುದ್ಧಿ? ನಿಜವಾಗಿದ್ದರೆ ಒಂದು ಜೀವ ಉಳಿಯುತ್ತದೆ."

ಸ್ವಾಮಿಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಅವನನ್ನು ಕೂರಲು ಹೇಳಿ ಒಂದು ಕತೆ ಹೇಳಿದರು.

ಒಂದು ಕಣಿವೆಯಲ್ಲಿ ಒಂದರ ಕೆಳಗೊಂದು ಏಳು ಕೆರೆಗಳಿದ್ದವು, ಕೆರೆಗೊಂದು ಊರು. ಮೇಲಿನ ಕೆರೆಯ ಏರಿ ಒಡೆದರೆ ಆ ನೀರು ನುಗ್ಗಿ ಕೆಳಗಿನ ಏರಿಗಳನ್ನೂ ಒಡೆದುಕೊಂಡು ಹೋಗುತ್ತದೆ. ಅದಕ್ಕೆಂದೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಏರಿ ಬಿರಿಯಿತೆಂಬ ಸುದ್ದಿ ಕೇಳಿದವನು ಅದನ್ನು ಕೆಳಗಿನ ಊರಿಗೆ ಮುಟ್ಟಿಸುವವರೆಗೆ ಕೂರಬಾರದು, ಉಣ್ಣಬಾರದು. ಸುದ್ದಿ ಮುಟ್ಟಿದ ಊರಿನಲ್ಲಿ ಕೆರೆ ನೀರು ಕಾಯುವ ನೀರುಗಂಟಿ ತೂಬೆತ್ತಿ ತನ್ನ ಕೆರೆಯ ನೀರನ್ನು ಬಿಟ್ಟುಬಿಡಬೇಕು, ಮೇಲಿಂದ ಬರುವ ನೀರಿಗೆ ಜಾಗವಾಗಬೇಕಲ್ಲ. ಆದರೆ ಒಂದು ಮಾತಿತ್ತು. ಮೊದಲು ಕಂಡವನು ಬಿರಿದ ಏರಿಯ ಹಸಿ ಮಣ್ಣನ್ನು ಒಂದು ಹಿಡಿ ತರಬೇಕು. ಆ ಮಣ್ಣು ಕೈಯಿಂದ ಕೈಗೆ ದಾಟುತ್ತ ಸುದ್ದಿಯ ಜೊತೆಗೇ ಇಳಿಯಬೇಕು. ಬಹಳ ವರ್ಷ ಯಾವ ಏರಿಯೂ ಒಡೆಯಲಿಲ್ಲ. ಓಡಬೇಕೆಂಬುದು ಎಲ್ಲರಿಗೂ ನೆನಪಿತ್ತು, ಮಣ್ಣಿನ ಮಾತು ಮರೆತುಹೋಗಿತ್ತು.

ನಾಲ್ಕನೆಯ ಊರಿನಲ್ಲಿ ಒಬ್ಬ ರೈತನಿದ್ದ. ಅವನ ಒಬ್ಬಳೇ ಮಗಳನ್ನು ಐದನೆಯ ಊರಿಗೆ ಕೊಟ್ಟಿತ್ತು. ಅವಳ ಮನೆ, ಗದ್ದೆ ಎರಡೂ ಕೆರೆಯ ಕೆಳಗೇ. ಭತ್ತದ ತೆನೆಗೆ ಹಾಲು ತುಂಬುವ ಕಾಲ. ಒಂದು ಮಧ್ಯಾಹ್ನ ರೈತ ಉಣ್ಣಲು ಕೂತಿದ್ದಾಗ ಮೇಲಿನ ಊರಿನವನೊಬ್ಬ ಏದುಸಿರು ಬಿಡುತ್ತ ಬಂದು, ಮೊದಲನೆಯ ಕೆರೆಯ ಏರಿ ಬಿರಿದಿದೆಯಂತೆ ಎಂದ. ರೈತ ಕೈಯ ತುತ್ತು ಬಿಟ್ಟು ಎದ್ದವನೇ ಓಡಿದ, ಚಪ್ಪಲಿಯನ್ನೂ ಮೆಟ್ಟಲಿಲ್ಲ. ದಾರಿಯಲ್ಲೊಂದು ಎತ್ತರದ ಬಂಡೆ. ಅದನ್ನು ಹತ್ತಿದರೆ ಮೊದಲನೆಯ ಕೆರೆ ಕಾಣುತ್ತದೆ. ಮಗಳ ಮನೆ ಮುಳುಗುವ ಹೊತ್ತಿನಲ್ಲಿ ಬಂಡೆ ಹತ್ತುವವನು ಎಂಥ ಅಪ್ಪ ಎಂದುಕೊಂಡು ಅವನು ಮುಂದೆ ಓಡಿದ.

ಐದನೆಯ ಊರಿನ ನೀರುಗಂಟಿ ಸುದ್ದಿ ಕೇಳಿದ, ಮೇಲಿನ ಊರುಗಳವರಂತೆ ತೂಬೆತ್ತಿದ. ಬೆಳಗಾಗುವಷ್ಟರಲ್ಲಿ ಕೆರೆಯಲ್ಲಿ ಕೆಸರು ಮಾತ್ರ ಉಳಿದಿತ್ತು. ಮೊದಲನೆಯ ಕೆರೆಯಿಂದ ಒಂದು ಹನಿಯೂ ಬರಲಿಲ್ಲ.

ಊರವರು ಮೇಲೆ ಹೋಗಿ ನೋಡಿದರು. ಏರಿ ಗಟ್ಟಿಯಾಗಿತ್ತು, ನೀರಿನಲ್ಲಿ ಎಮ್ಮೆಗಳು ಮಲಗಿದ್ದವು. ಪ್ರತಿ ಊರಲ್ಲೂ ವಿಚಾರಿಸಿದರು. ಕೇಳಿದ್ದನ್ನೇ ಹೇಳಿದೆ, ಒಂದು ಮಾತೂ ಸೇರಿಸಲಿಲ್ಲ ಎಂದು ಎಲ್ಲರೂ ಆಣೆ ಇಟ್ಟರು. ಅದು ನಿಜವೂ ಆಗಿತ್ತು. ಮೊದಲು ಹೇಳಿದವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ಮರೆತಿದ್ದ ಮಣ್ಣಿನ ಮಾತು ಎಲ್ಲರಿಗೂ ನೆನಪಾದದ್ದು ಆಗಲೇ.

ನೀರಿಲ್ಲದೆ ಐದನೆಯ ಊರಿನ ಭತ್ತವೆಲ್ಲ ಜೊಳ್ಳಾಯಿತು. ಮಗಳು ಅಪ್ಪನಿಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಹೋಗಿ ನೀರುಗಂಟಿಯ ಮೇಲೆ ಹರಿಹಾಯ್ದ. ನಾನೇನೋ ಗಾಬರಿಯಲ್ಲಿದ್ದೆ, ನೀನಾದರೂ ಮಣ್ಣೆಲ್ಲಿ ಎಂದು ಕೇಳಬಾರದಿತ್ತೇ ಎಂದ.

"ನಿನ್ನ ಕಾಲಲ್ಲಿ ರಕ್ತ ಸುರಿಯುತ್ತಿತ್ತಲ್ಲಪ್ಪ," ಎಂದ ನೀರುಗಂಟಿ. "ಅದನ್ನು ನೋಡಿದ ಮೇಲೆ ನಿನ್ನ ಕೈ ನೋಡಬೇಕೆಂದು ನನಗೆ ಹೊಳೆಯಲಿಲ್ಲ."

ಊರಿಗೆ ಮರಳುವಾಗ ರೈತ ಆ ಬಂಡೆ ಹತ್ತಿದ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊದಲನೆಯ ಕೆರೆ ತುಂಬಿ ನಿಂತದ್ದು ಕಣ್ಣಿಗೆ ರಾಚುವಂತೆ ಕಂಡಿತು. ಅವನು ಅಲ್ಲೇ ಕೂತು ಅತ್ತ.

ಸ್ವಾಮಿಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ರೈತನ ಮೇಲೆ ಕನಿಕರ ಬಂತು. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿತ್ತು ಎಂದ. ಸ್ವಾಮಿಗಳು ಹೌದೆಂದು ತಲೆಯಾಡಿಸಿದರು. ಮರುಳಸಿದ್ಧ ಮತ್ತೆ ಕಾಗದವನ್ನು ಮುಂದೆ ಹಿಡಿದು, ಹಾಗಾದರೆ ಇದನ್ನು ಕಳಿಸಲೋ ಬೇಡವೋ ಎಂದು ಕೇಳಿದ. ಅದರ ಕೊನೆಯಲ್ಲಿದ್ದ ನಂಬರಿಗೆ ಅವನಿನ್ನೂ ಫೋನ್ ಮಾಡಿರಲಿಲ್ಲ.

ಸ್ವಾಮಿಗಳು ಕಾಗದದ ಕಡೆ ನೋಡಲಿಲ್ಲ.

"ಎಲ್ಲಿ, ನಿನ್ನ ಕೈ ತೋರಿಸು," ಎಂದರು.

ಮರುಳಸಿದ್ಧ ಖಾಲಿ ಅಂಗೈ ಬಿಚ್ಚಿ ನೋಡಿಕೊಂಡು, ಆ ನಂಬರಿಗೆ ಫೋನ್ ಮಾಡಲು ಎದ್ದ.