ಕೊರಳಲ್ಲಿ ಉಳಿದ ಕಾಳು

"ರಾಜಕುಮಾರಿ ಪದುಮಲೆಯವರ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಮದುವೆ ಮಾಡಿಸಲಾಗುವುದು. ತಪ್ಪು ಹೇಳಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ."

ಹೊನ್ನೆಪುರದ ದೊರೆ ಮಾದರಸ ಹೀಗೆ ಡಂಗುರ ಸಾರಿಸಿದ. ಕೆಲವು ವರ್ಷಗಳ ಹಿಂದೆ ಮಗಳ ಕೊರಳಲ್ಲಿ ಏಡಿಗಂತಿ, ಏಡಿಯ ಕಾಲಿನಂತೆ ಹಬ್ಬುವ ಕೆಟ್ಟ ಗಂಟು, ಎದ್ದಿತ್ತು. ಆಸ್ಥಾನದ ಶಸ್ತ್ರವೈದ್ಯ ಕೇಶವಯ್ಯ ಅದನ್ನು ಕೊಯ್ದು ತೆಗೆದು, ಎಲ್ಲ ಹೋಯಿತು ಎಂದಿದ್ದ. ಈಗ ಗಾಯದ ಗೆರೆಯ ಕೆಳಗೆ ಜೋಳದ ಕಾಳಿನಷ್ಟು ಗಂಟು ಮತ್ತೆ ಕೈಗೆ ಸಿಕ್ಕಿತ್ತು. ದೊರೆ ವೈದ್ಯನನ್ನು ಸೆರೆಗೆ ಹಾಕಿಸಿದ. ವಾಸಿಮಾಡುತ್ತೇನೆಂದು ಬಂದ ಹೊಸಬರಿಗೆಲ್ಲ ಪದುಮಲೆ ಒಂದೇ ಮಾತು ಹೇಳಿದಳು: ತನ್ನ ಒಗಟು ಬಿಡಿಸಿದವನು ಹೇಳಿದಂತೆ ಮಾತ್ರ ತನ್ನ ಕೊರಳಿಗೆ ಕತ್ತಿ ತಾಗಬೇಕು. ತಲೆದಂಡದ ಮಾತು ಸೇರಿಸಿದ್ದು ಅವಳ ತಂದೆ. ಇನ್ನೊಂದು ಸುಳ್ಳು ಭರವಸೆಯನ್ನು ತಾಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಮೊದಲು ನೆರೆರಾಜ್ಯದ ರಾಜಕುಮಾರ ಬಂದ. ಪದುಮಲೆ ಕೇಳಿದಳು: "ಕಳ್ಳನಿದ್ದ ಮನೆಯನ್ನೇ ಕಿತ್ತುಹಾಕಿದರು. ಕಳ್ಳ ಹೋಗಲಿಲ್ಲ. ಊರಲ್ಲೆಲ್ಲೋ ಅಡಗಿದ್ದಾನೆ, ಕರೆದರೆ ಓಗೊಡುವುದಿಲ್ಲ. ಅವನಿರುವ ಜಾಗವನ್ನು ಅವನೇ ತೋರಿಸುವಂತೆ ಮಾಡುವುದು ಹೇಗೆ?"

ಊರಿಗೇ ಬೆಂಕಿ ಇಟ್ಟರೆ ಹೊರಗೆ ಬರುತ್ತಾನೆ ಎಂದ ರಾಜಕುಮಾರ. ಪದುಮಲೆ ಅರಿವಿಲ್ಲದೆ ಕೊರಳು ಮುಟ್ಟಿಕೊಂಡಳು. ಅವನನ್ನು ಸೆರೆಗೆ ಕರೆದೊಯ್ದರು. ಆಮೇಲೆ ತಾಳೆಗರಿಗಳ ಹೊರೆ ಹೊರಿಸಿಕೊಂಡು ಒಬ್ಬ ಪಂಡಿತ ಬಂದ. ಚಿನ್ನ ಎಸೆದರೆ ಕಳ್ಳ ಬರುತ್ತಾನೆ ಎಂದ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬೇಸರದಿಂದಲೇ ಅಲ್ಲವೆಂದು ತಲೆಯಾಡಿಸಿದಳು. ಅವನೂ ಸೆರೆ ಸೇರಿದ.

ಅಮಾವಾಸ್ಯೆಗೆ ಹಿಂದಿನ ದಿನ, ಕಡಲ ತೀರದ ಉಪ್ಪಿನಾಗರದಲ್ಲಿ ಕೆಲಸ ಮಾಡುವ ಸುಕ್ರ ಬಂದು ಅರಮನೆಯ ಬಾಗಿಲಲ್ಲಿ ನಿಂತ. ಬಿಸಿಲಿಗೆ ಸುಟ್ಟ ಮೈ, ಉಪ್ಪುನೀರಿಗೆ ಒಡೆದ ಕಾಲು.

"ಅಡುಗೆಮನೆ ಹಿಂದುಗಡೆ ಇದೆ ಮಾರಾಯ. ಉಪ್ಪು ಅಲ್ಲಿ ಇಳಿಸು," ಎಂದು ನಕ್ಕ ಕಾವಲುಗಾರ.

"ಒಗಟಿಗೆ ಬಂದಿದ್ದೇನೆ," ಎಂದ ಸುಕ್ರ. ಕಾವಲುಗಾರ ನಗುವುದನ್ನು ನಿಲ್ಲಿಸಿ ದಾರಿ ಬಿಟ್ಟ.

ಪದುಮಲೆ ಅದೇ ಒಗಟನ್ನು ಹೇಳಿದಳು.

"ತಾಯಿ, ಕಳ್ಳ ಎಂದರೆ ಕೊರಳ ಕಾಯಿಲೆ. ಆ ಕಳ್ಳನಿಗೆ ಕಡಲುಪ್ಪೆಂದರೆ ಆಸೆ," ಎಂದ ಸುಕ್ರ. "ಕೆಲವು ವಾರ ಉಪ್ಪು ಬಿಟ್ಟು ಅವನನ್ನು ಹಸಿವಿಗೆ ಕೆಡವಬೇಕು. ಆಮೇಲೆ ಹೊಳೆಯುವ ಉಪ್ಪು ಕೊಡಬೇಕು. ನಮ್ಮ ಆಗರದ ಕೊನೆಯ ಪಾತಿಯಲ್ಲಿ ಅದು ಒಂದು ಹಿಡಿ ಸಿಗುತ್ತದೆ. ಎಲ್ಲಿ ಅಡಗಿದ್ದರೂ ಬಾಚಿ ತಿನ್ನುತ್ತಾನೆ. ಕಿಟಕಿ ಮುಚ್ಚಿ ನೋಡಿದರೆ, ಇದ್ದಲ್ಲೇ ಮಿನುಗುತ್ತಾನೆ."

"ನೀನು ನೋಡಿದ್ದೀಯಾ?"

"ನನ್ನ ತಂಗಿ ಸೋಮಿಯ ಕೊರಳಲ್ಲಿ ನೋಡಿದ್ದೇನೆ. ಮಿಣುಕುಹುಳಗಳ ಹಾಗೆ ಮೂರು ಇದ್ದವು. ಅವಳು ಕನ್ನಡಿ ಕೇಳಿದಳು. ಚೆಂದ ಇದೆಯಲ್ಲ ಅಣ್ಣಾ, ಅಂದಳು."

ಉತ್ತರ ಸರಿಯೆಂದು ಪದುಮಲೆ ತಲೆದೂಗಿ ಎರಡನೆಯದನ್ನು ಕೇಳಿದಳು: "ಒಮ್ಮೆ ನಡೆದ ದಾರಿಯಲ್ಲಿ ಮತ್ತೆ ನಡೆಯಬೇಕು. ಅಲ್ಲೊಂದು ಬಿಳಿ ಎಳೆ ಬಿದ್ದಿದೆ. ತುಳಿದರೆ ಕಡಿದುಹೋಗುತ್ತದೆ, ನೋವೇ ಆಗುವುದಿಲ್ಲ. ಆದರೆ ಮನೆ ಮೂಕವಾಗುತ್ತದೆ. ಏನದು? ಮೊದಲ ಸಲ ಕಂಡದ್ದು ಎರಡನೆಯ ಸಲ ಏಕೆ ಕಾಣುವುದಿಲ್ಲ?"

"ಅದು ದನಿಯ ನರ, ತಾಯಿ. ಮೊದಲ ಸಲ ಬೇರೆಯಾಗಿ ಕಾಣುತ್ತದೆ. ಗಾಯ ಮಾಯುವಾಗ ಒಳಗಿನದೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಆಮೇಲೆ ಗಾಯ ಯಾವುದು, ನರ ಯಾವುದು ಎಂದು ತಿಳಿಯುವುದಿಲ್ಲ."

ಉಳಿದದ್ದನ್ನು ಅವನು ನೆಲ ನೋಡುತ್ತಾ ಹೇಳಿದ. ಸೋಮಿಯ ಕೊರಳನ್ನು ಎರಡನೆಯ ಸಲ ಕೊಯ್ದಾಗ ಎರಡು ಕಾಳು ಸುಲಭವಾಗಿ ಬಂದವು. ಮೂರನೆಯದು ನರದ ಅಡಿಯಲ್ಲೇ ಇತ್ತು. ಒಂದನ್ನೂ ಬಿಡಬಾರದೆಂದು ಅವರ ಊರಿನ ವೈದ್ಯ ಅದಕ್ಕೂ ಕೈ ಹಾಕಿದ. ಅಂದಿನಿಂದ ಸೋಮಿಗೆ ದನಿ ಇಲ್ಲ. ನೀರು ಬೇಕಾದರೆ, ಭಯವಾದರೆ, ತೆಂಗಿನ ಚಿಪ್ಪಿನಿಂದ ಬಾಗಿಲ ಚೌಕಟ್ಟಿಗೆ ಬಡಿದು ಅಣ್ಣನನ್ನು ಕರೆಯುತ್ತಿದ್ದಳು. ಆ ಕಾಳು ತೆಗೆದರೂ ಕಾಯಿಲೆ ಎದೆಗೆ ಇಳಿಯಿತು. ಕೊನೆಯ ದಿನ ಅವಳಿಗೆ ಚಿಪ್ಪು ಎತ್ತಲು ಆಗಲಿಲ್ಲ.

ಕೊನೆಯ ಒಗಟನ್ನು ಕೇಳುವಾಗ ಪದುಮಲೆಯ ದನಿ ತಗ್ಗಿತ್ತು. "ವೈದ್ಯರೆಲ್ಲ ನನಗೊಂದು ಮಾತು ಕೊಡುತ್ತಾರೆ. ಕೇಳುವಾಗ ಸಿಹಿ, ವರ್ಷ ಕಳೆದರೆ ಕಹಿ. ಯಾವುದದು? ಅದರ ಬದಲು ನೀನೇನು ಕೊಡುತ್ತೀ?"

ಸುಕ್ರ ಅವಳ ಕೊರಳ ವಸ್ತ್ರವನ್ನು ನೋಡಿದ. ಹೇಳದಿದ್ದರೂ ತಲೆ ಉಳಿಯದು ಎಂದು ದೊರೆ ಎಚ್ಚರಿಸಿದ.

"'ಎಲ್ಲ ಹೋಯಿತು' ಅನ್ನುವ ಮಾತು, ತಾಯಿ. ಅದರ ಬದಲು ಕೊಡಲು ನನ್ನಲ್ಲಿರುವುದು 'ನೋಡುತ್ತಿರೋಣ' ಅನ್ನುವುದಷ್ಟೇ."

ಇದೂ ಒಂದು ಉತ್ತರವೇ ಎಂದು ದೊರೆ ಸಿಡುಕಿದ. ಪದುಮಲೆ ಕೊರಳಿಗೆ ಸುತ್ತಿದ್ದ ವಸ್ತ್ರವನ್ನು ತೆಗೆದು ಗಾಯದ ಗೆರೆಯನ್ನು ಮೊದಲ ಬಾರಿ ಸಭೆಗೆ ತೋರಿಸಿದಳು.

"ನಿಜವಾದ ಉತ್ತರ ಇದೊಂದೇ, ಅಪ್ಪಾಜಿ."

ದೊರೆ ಕೊಟ್ಟ ಮಾತಿನಂತೆ ಅರ್ಧ ರಾಜ್ಯವನ್ನೂ ಮಗಳನ್ನೂ ಕೊಡಲು ಎದ್ದ. ಸುಕ್ರ ಎರಡೂ ಬೇಡವೆಂದ. ಸೆರೆಮನೆಯ ಬಾಗಿಲು ತೆಗೆಸಿ ಎಲ್ಲರನ್ನೂ ಬಿಡಬೇಕು ಎಂದು ಕೇಳಿದ. ಕಾಯಿಲೆ ಮರಳಿದ್ದು ಕೇಶವಯ್ಯನ ತಪ್ಪಲ್ಲ, ಮೊದಲ ಕತ್ತಿ ನಡೆದ ದಾರಿ ಬಲ್ಲವನು ಅವನೊಬ್ಬನೇ, ಎರಡನೆಯ ಸಲವೂ ಅವನೇ ಕೊಯ್ಯಬೇಕು ಎಂದ. ಆಮೇಲೆ ತಡವರಿಸಿದ.

"ಇನ್ನೊಂದಿದೆ. ಕತ್ತಿ ತಾಗುವ ಮೊದಲು, ಒಂದೇ ಒಂದು ಸಲ, ನನ್ನನ್ನು ಅಣ್ಣಾ ಎಂದು ಕರೆಯಬೇಕು."

ಪದುಮಲೆ ಕರೆದಳು. ಅವನು ಓಗೊಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ ಕರೆದಳು. ಆಗ ಅವನು ಮುಖ ಮುಚ್ಚಿಕೊಂಡು, "ಬಂದೆ," ಎಂದ.

ದೊರೆ ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದ. ಪದುಮಲೆ ಕೆಲವು ವಾರ ಉಪ್ಪು ಬಿಟ್ಟು, ಹೊಳೆಯುವ ಉಪ್ಪು ತಿಂದ ಮೇಲೆ ಅವಳ ಕೊರಳಲ್ಲೂ ಮೂರು ಕಾಳು ಮಿನುಗಿದವು. ಕೇಶವಯ್ಯ ಎರಡನ್ನು ತೆಗೆದ. ಮೂರನೆಯದು, ಸಾಸಿವೆಯಷ್ಟು, ನರಕ್ಕೆ ಅಂಟಿಕೊಂಡಿತ್ತು. ಅವನು ಸುಕ್ರನ ಕಡೆ ನೋಡಿದ. ಸುಕ್ರ ಬೇಡವೆಂದು ತಲೆಯಾಡಿಸಿದ. ಅದನ್ನು ಹಾಗೇ ಬಿಟ್ಟು ಗಾಯ ಹೊಲಿದರು.

ವರ್ಷಕ್ಕೊಮ್ಮೆ ಸುಕ್ರ ಒಂದು ಹಿಡಿ ಉಪ್ಪು ತೆಗೆದುಕೊಂಡು ಅರಮನೆಗೆ ಹೋಗುತ್ತಾನೆ. ಕಿಟಕಿಗಳನ್ನು ಮುಚ್ಚುತ್ತಾರೆ. "ಎಷ್ಟಿದೆ ಅಣ್ಣಾ?" ಎಂದು ಪದುಮಲೆ ಕೇಳುತ್ತಾಳೆ. "ಅಷ್ಟೇ ಇದೆ," ಎನ್ನುತ್ತಾನೆ. ಇಬ್ಬರೂ ಉಸಿರು ಬಿಡುತ್ತಾರೆ.

ಆಮೇಲೆ ಅವನು ಮನೆಗೆ ಮರಳುತ್ತಾನೆ. ಬಾಗಿಲ ಪಕ್ಕದಲ್ಲಿ ತೆಂಗಿನ ಚಿಪ್ಪು ಇನ್ನೂ ತೂಗುತ್ತಿದೆ. ಕಡಲ ಗಾಳಿಗೆ ಅದು ಬಡಿದಾಗಲೆಲ್ಲ ಎದ್ದುಹೋಗಿ ಬಾಗಿಲು ತೆರೆಯುತ್ತಾನೆ.