ಕಾಯಲು ಕಲಿಸದ ನೌಕೆ

ಕಳಿಸಿದವರು ತಪ್ಪು ಮಾಡಿದರು. ಮಂಗಳದಲ್ಲಿ ಇಳಿಯುವ ಗಳಿಗೆಯನ್ನು ಭೂಮಿಯಲ್ಲೇ ಗೊತ್ತುಮಾಡಿ, ಮತ್ತೆ ಬದಲಿಸಲಾಗದಂತೆ ನೌಕೆಯ ತಲೆಗೆ ತುಂಬಿಬಿಟ್ಟರು.

ನೌಕೆ ತಲುಪುವಾಗ ಅಲ್ಲಿ ನೆಲವೇ ಕಾಣುತ್ತಿರಲಿಲ್ಲ. ಇಡೀ ಗ್ರಹವನ್ನು ಒಂದೇ ಧೂಳಿನ ಬಿರುಗಾಳಿ ಹೊದ್ದುಕೊಂಡಿತ್ತು.

"ಯಾರಮ್ಮಾ ನೀನು?" ಎಂದಿತು ಬಿರುಗಾಳಿ.

"ಭೂಮಿಯವಳು. ಅಬ್ಬಾ, ನಿನ್ನಷ್ಟು ದೊಡ್ಡದು ಇರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ!"

"ಹಾಗಾದರೆ ಮೇಲೆಯೇ ಸುತ್ತುತ್ತಿರು. ನಾನು ತಣ್ಣಗಾದ ಮೇಲೆ ಇಳಿ."

"ಕಾಯುವುದನ್ನು ನನಗೆ ಕಲಿಸಿಲ್ಲ."

"ಕಲಿಸಿದವರನ್ನೇ ಕೇಳು, ಪೆದ್ದಿ!"

"ಈಗ ಅವರೇ ಬೇಡವೆಂದರೂ ನಾನು ನಿಲ್ಲಲಾರೆ."

ಗಳಿಗೆ ಬಂತು, ನೌಕೆ ಧುಮುಕಿತು. ಬಿರುಗಾಳಿ ಉಸಿರು ಬಿಗಿಹಿಡಿಯಲು ನೋಡಿತು. ಅಷ್ಟು ದೊಡ್ಡ ಮೈ ಒಮ್ಮೆಲೇ ನಿಲ್ಲುವುದುಂಟೇ? ಪ್ಯಾರಾಚೂಟ್ ಹರಿಯಿತು. ಆದರೂ ನೌಕೆ ನೆಲ ಮುಟ್ಟಿತು, ಕಣ್ಣು ತೆರೆಯಿತು.

"ನೆಲ! ಇನ್ನೊಂದು ಲೋಕದ ನೆಲ!" ಎಂದಿತು. ಅಷ್ಟರಲ್ಲಿ ಅದರ ದನಿ ನಿಂತುಹೋಯಿತು. ಒಂದು ಚಿತ್ರವೂ ಭೂಮಿಗೆ ಹೋಗಲಿಲ್ಲ.

"ಇಷ್ಟು ದೂರ ಬಂದವಳನ್ನು ನಾನೇ ಕೊಂದೆನಲ್ಲಾ," ಎಂದಿತು ಬಿರುಗಾಳಿ.

ಇಲ್ಲ, ಕೊಂದದ್ದು ಬಿರುಗಾಳಿಯಲ್ಲ. ಆಜ್ಞೆ ಕೊಟ್ಟು ಕೂತವರೇ, ನಿಮ್ಮ ಮಾತಿಗೆ ಹೊರಡುವವರು ಯಂತ್ರವಾಗಲಿ, ಮನುಷ್ಯರಾಗಲಿ, ಎದುರಿಗಿರುವುದನ್ನು ಕಂಡು "ಈಗ ಬೇಡ" ಎನ್ನುವ ಅಧಿಕಾರವನ್ನು ಅವರಿಗೆ ಕೊಡಿ. ಕಳಿಸುವ ಮೊದಲೇ ಕೊಡಿ.