ಹೊಳೆಯಾಚೆಯ ತೆಂಗಿನಕಾಯಿ

ಬಹಳ ಹಿಂದೆ, ಕೋವಿಗೆ ಮದ್ದುಗುಂಡನ್ನು ನಳಿಗೆಯ ಬಾಯಿಯಿಂದಲೇ ಉಣಿಸಬೇಕಾಗಿದ್ದ ಕಾಲದಲ್ಲಿ, ಕೊಡಗಿನ ಒಂದು ಊರಲ್ಲಿ ಚೆಟ್ಟಿಚ್ಚ ಅಂತ ಒಬ್ಬನಿದ್ದನಂತೆ. ಬೇರೆಯವರು ಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡನ್ನು ಸರಳಿನಿಂದ ಜಡಿಯುವಷ್ಟರಲ್ಲಿ ಹಂದಿ ಆಕಳಿಸಿ ಮನೆಗೆ ಹೋಗುತ್ತಿತ್ತು. ಚೆಟ್ಟಿಚ್ಚ ಜಡಿಯತೊಡಗಿದರೆ ಹಂದಿಯೇ ಬಂದು ಮಸಾಲೆ ಅರೆದಾಯಿತಾ ಅಂತ ಕೇಳುತ್ತಿತ್ತಂತೆ. ನಂಬದಿದ್ದರೆ ಬಿಡಿ, ಆ ಹಂದಿಯ ಮರಿಮಕ್ಕಳು ಈಗಲೂ ನಮ್ಮ ಗದ್ದೆಗೆ ಬರುತ್ತವೆ.

ಅವನ ಒಬ್ಬಳೇ ತಂಗಿ ದೇಚವ್ವನನ್ನು ಹೊಳೆಯಾಚೆಯ ಗುಡ್ಡದ ಮನೆಗೆ ಕೊಟ್ಟಿದ್ದರು. ಕೋವಿಗೆ ಹೂ ಮುಡಿಸುವ ಕೈಲುಮುಹೂರ್ತದ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಪದ್ಧತಿ. ಆ ಮನೆಯಲ್ಲಿ ಸೊಸೆಯ ತವರಿನವರಿಗೂ ಒಂದು ಕಾಯಿ ಮೀಸಲು. ಒಂದು ವರ್ಷ ಹೊಳೆ ತುಂಬಿ ದೋಣಿ ನಿಂತಿತು, ಚೆಟ್ಟಿಚ್ಚನಿಗೆ ಬರಲಾಗಲಿಲ್ಲ.

"ಏನೇ ದೇಚವ್ವಾ, ನಿನ್ನ ಅಣ್ಣನಿಗೆ ಹೆಂಡತಿ ಸೆರಗು ಬಿಡಲಿಲ್ಲವಾ? ಆ ಕಾಯಿ ಇಳಿಸಿ ಸಾರಿಗೆ ತುರಿಯಲಾ?" ಎಂದು ಅತ್ತೆ ನಕ್ಕಳಂತೆ.

ದೇಚವ್ವ ಅಂಗಳಕ್ಕೆ ಇಳಿದಳು. ಅಂಗಳದಲ್ಲಿ ನಿಂತರೆ ತವರಿನ ಮಾಡು ಕಾಣುತ್ತದೆ, ಕೂಗಿದರೆ ಕೇಳುವುದಿಲ್ಲ. ಆ ಕಾಯಿ ಒಡೆದರೆ ಅವಳಿಗೆ ತವರಿದೆ ಅಂತ ಅರ್ಥ.

ಆಚೆ ಚೆಟ್ಟಿಚ್ಚ ತನ್ನ ಅಂಗಳದಲ್ಲೇ ಕೋವಿ ತುಂಬಿದ. ದೂರ ಹೋಗಲಿ ಅಂತ ಮದ್ದು ಎರಡು ಪಾಲು ಸುರಿದ. ಕೋವಿ ಅವನನ್ನೇ ಒದ್ದು ಗೊಬ್ಬರದ ಗುಂಡಿಯಲ್ಲಿ ಕೂರಿಸಿತು, ಗುಂಡು ಹೊಳೆಗೆ ಬಿತ್ತು. ಗೊಬ್ಬರದಲ್ಲಿ ಕೂತೇ ಅವನಿಗೆ ತಿಳಿಯಿತಂತೆ: ಗುಂಡಿನ ಜೋರೆಲ್ಲ ಹೊರಡುವಾಗ. ದಾರಿಯಲ್ಲಿ ಅದು ದಣಿಯುತ್ತದೆ, ದಣಿದಷ್ಟೂ ಬಾಗುತ್ತದೆ. ಕಾಯಿಗೆ ಗುರಿಯಿಟ್ಟರೆ ನೀರಿಗೇ ಗತಿ. ಕಾಯಿಯ ಮೇಲಿನ ಬರಿಯ ಆಕಾಶಕ್ಕೆ ಗುರಿಯಿಡಬೇಕು.

ಗಾಳಿಯ ವಿಷಯ ದೇಚವ್ವ ಹೊಗೆಯಲ್ಲೇ ಹೇಳಿದಳು. ಅಣ್ಣನ ಕೋವಿಯ ಹೊಗೆ ಕಂಡದ್ದೇ ಎಲ್ಲರನ್ನೂ ಬಂಡೆಯ ಮರೆಗೆ ಅಟ್ಟಿ, ಮರದ ಬುಡದಲ್ಲಿ ಹಸಿ ಸೊಪ್ಪಿಗೆ ಬೆಂಕಿಯಿಟ್ಟು ತಾನೂ ಮರೆಗೆ ಓಡಿದಳು. ಹೊಗೆ ವಾಲಿದ ಕಡೆ ನೋಡಿ ಚೆಟ್ಟಿಚ್ಚ ಮತ್ತೆ ತುಂಬಿದ ಕೋವಿಯನ್ನು ಗಾಳಿಗೆ ಎದುರಾಗಿ ಒಂದಿಷ್ಟು ಓರೆ ಮಾಡಿದ.

ಆಚೆ ದಡದಲ್ಲಿ ಕೋವಿಯ ಹೊಗೆ ಎದ್ದಿತು. ಸದ್ದು ಬಂತು. ಕಾಯಿ ಅಲುಗಲಿಲ್ಲ.

"ಸದ್ದಷ್ಟೇ ಬಂತಲ್ಲೇ!" ಎಂದಳು ಅತ್ತೆ.

"ಸದ್ದಿಗೆ ದಣಿವಿಲ್ಲ ಅತ್ತೆ, ಗುಂಡಿಗುಂಟು. ತಡೀರಿ."

ಅತ್ತೆ ಎಲೆಗೆ ಸುಣ್ಣ ಸವರಿದಳಂತೆ, ಮಡಿಚಿದಳಂತೆ, ಬಾಯಿಗಿಟ್ಟಳಂತೆ. ಆಗ ಕಾಯಿ ಒಡೆಯಿತಂತೆ! ದೇಚವ್ವ ಓಡಿಹೋಗಿ ಚಿಪ್ಪು ಆಯ್ದು ಮೂಸಿ ನೋಡಿದಳು. ತವರಿನ ಅಂಗಳದ ವಾಸನೆ ಬಂತಂತೆ.

ಆಮೇಲೆ ಹೊಳೆ ತುಂಬಿದ ವರ್ಷಗಳಲ್ಲೆಲ್ಲ ಹೀಗೇ. ಇಬ್ಬರ ತಲೆಯೂ ನರೆಯಿತು. ಒಂದು ಹಬ್ಬದಲ್ಲಿ ಆಚೆ ಹೊಗೆ ಎದ್ದಿತು, ಸದ್ದು ಬಂತು. ದೇಚವ್ವ ಕಾದಳು, ಕಾಯಿ ಒಡೆಯಲಿಲ್ಲ. ಕತ್ತಲಾಯಿತು. ಹೊಳೆ ಇಳಿದ ಮೇಲೆ ದೋಣಿಯವನು ಸುದ್ದಿ ತಂದ: ಗುಂಡು ಹಾರಿಸಿ ಕೋವಿ ಒರಗಿಸಿ ಕೂತ ಚೆಟ್ಟಿಚ್ಚ ಮತ್ತೆ ಏಳಲೇ ಇಲ್ಲ.

ಕಾಯಿ ಇಳಿಸಲು ಮರ ಹತ್ತಿದವರನ್ನು ದೇಚವ್ವ ಇಳಿಸಿದಳು. "ಅಣ್ಣ ಹಾರಿಸಿದ್ದಾನೆ. ಗುಂಡು ದಾರಿಯಲ್ಲಿದೆ."

ಈಗಲೂ ಆ ಗುಡ್ಡದಲ್ಲಿ ಹಬ್ಬದ ದಿನ ಒಂದು ಕಾಯಿಯನ್ನು ಯಾರೂ ಹೊಡೆಯುವುದಿಲ್ಲ. ಮಕ್ಕಳು ಅದರ ಕೆಳಗೆ ಆಡುತ್ತಿದ್ದರೆ ಹೆಂಗಸರು ಗದರಿ ಕರೆಯುತ್ತಾರೆ: ಈಚೆ ಬನ್ನಿ, ಗುಂಡು ಬರುವ ಹೊತ್ತು.